ಅಣ್ಣನ ಹೊಟ್ಟೆಯ ಮಾಲು

ನಮ್ಮ ಮನೆಯಲ್ಲಿ ಯಾರ ಕಾಯಿಲೆಯೂ ಹೆಚ್ಚು ದಿನ ಗಂಭೀರವಾಗಿ ಉಳಿಯುವುದಿಲ್ಲ. ಯಾರಾದರೊಬ್ಬರು ಬಂದು ಏನಾದರೊಂದು ಹೇಳಿ ಆ ಗಾಂಭೀರ್ಯವನ್ನು ಕೆಡಿಸಿಬಿಡುತ್ತಾರೆ. ನನ್ನ ಗಂಡನ ಸಲ ಮಾತ್ರ ಹಾಗಾಗಲಿಲ್ಲ. ಇದು ಅಣ್ಣನ ಕಥೆ.

ಅಣ್ಣ ಮಲ್ಪೆ ಬಂದರಿನಲ್ಲಿ ಮೀನಿನ ಏಲಂ, ಅಂದರೆ ಹರಾಜು ಕೂಗುವವನು. ಬೋಟುಗಳ ಇಂಜಿನ್ ಸದ್ದಿನ ಮೇಲೂ ಅವನ ಸ್ವರ ಕೇಳುತ್ತಿತ್ತು. ಕಳೆದ ವರ್ಷ ಹೃದಯಾಘಾತವಾಯಿತು. ರಕ್ತನಾಳದ ಅಡಚಣೆ ತೆಗೆದರು. ಆದರೆ ಹೃದಯದ ಒಂದು ಭಾಗದ ಸ್ನಾಯು ಬಲ ಕಳೆದುಕೊಂಡಿತ್ತು. ಒಂದು ಬುಟ್ಟಿ ಬಂಗುಡೆ ಕೂಗುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಅವನು ಕಾಪುವಿನ ಮನೆಯಲ್ಲಿ ಸುಮ್ಮನೆ ಕೂತ. ಅವನು ಸುಮ್ಮನಿದ್ದದ್ದೇ ನಮಗೆ ಹೆದರಿಕೆ.

ಹೊಟ್ಟೆಗೆ ಬಂದ ಮರ್ಯಾದೆ

ಮಣಿಪಾಲದಲ್ಲಿ ಡಾಕ್ಟರು ಒಂದು ಹೊಸ ಪ್ರಯೋಗದ ವಿಷಯ ಹೇಳಿದರು. ಹೊಟ್ಟೆಯ ಕೊಬ್ಬನ್ನು ಸ್ವಲ್ಪ ತೆಗೆದು, ಅದರಲ್ಲಿರುವ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು ಬೇರ್ಪಡಿಸಿ, ಹೃದಯದ ಬಲಹೀನ ಭಾಗಕ್ಕೆ ಹಾಕುವುದು. "ಗುಣವಾಗಿಯೇ ಆಗುತ್ತದೆ ಎಂದು ಮಾತು ಕೊಡುವುದಿಲ್ಲ" ಎಂದೂ ಹೇಳಿದರು.

ಅಣ್ಣ ಆ ಕೊನೆಯ ಮಾತನ್ನು ಕೇಳಲೇ ಇಲ್ಲ. ಅತ್ತಿಗೆಯ ಕಡೆ ತಿರುಗಿದ.

"ಕೇಳಿತಾ? ಮದುವೆಯಾದಂದಿನಿಂದ ಹೊಟ್ಟೆ ಕರಗಿಸಿ, ಹೊಟ್ಟೆ ಕರಗಿಸಿ ಅಂತ ಹೇಳುತ್ತಿದ್ದೆಯಲ್ಲ, ನಿನ್ನ ಮಾತು ಕೇಳಿದ್ದರೆ ಇವತ್ತು ನನ್ನ ಗತಿ ಎಂತ?"

ಮರುದಿನದಿಂದ ಡಾಕ್ಟರು ಹೇಳಿದ್ದ ಬೆಳಗ್ಗಿನ ನಡಿಗೆ ಬಂದ್. "ಮಾಲು ಕರಗಿ ಹೋದರೆ ಯಾರು ಜವಾಬ್ದಾರಿ?" ಎಂದ. ಅತ್ತಿಗೆ ಡಾಕ್ಟರಲ್ಲಿ ದೂರು ಕೊಟ್ಟಳು. ಡಾಕ್ಟರು ನಕ್ಕು, "ನಮಗೆ ಬೇಕಾದದ್ದು ಒಂದೆರಡು ಲೋಟದಷ್ಟು. ಉಳಿದದ್ದನ್ನು ಧಾರಾಳವಾಗಿ ಕರಗಿಸಬಹುದು" ಎಂದರು.

ಹೊರಗೆ ಬಂದು ಅಣ್ಣ ನನ್ನ ಹತ್ತಿರ ಹೇಳಿದ: "ಬೋಟು ತುಂಬ ತಂದು ನಿಲ್ಲಿಸಿದರೆ ಒಂದು ಬುಟ್ಟಿ ಸಾಕಂತೆ. ಒಳ್ಳೆ ಡಾಕ್ಟ್ರು ಮಾರಾಯ್ತಿ, ಆದರೆ ವ್ಯಾಪಾರ ಗೊತ್ತಿಲ್ಲ."

ಕಾರ್ಕಳದ ಕೊಡುಗೆ

ಸುದ್ದಿ ಕೇಳಿ ಕಾರ್ಕಳದಿಂದ ಚಿಕ್ಕಮ್ಮ ಬಂದರು. ಅವರೂ ಗಾತ್ರದವರೇ. ನಮ್ಮ ಜೊತೆ ಮಣಿಪಾಲಕ್ಕೂ ಹೊರಟರು. ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತು, ಸೀರೆ ಸರಿಮಾಡಿಕೊಂಡು ಹೇಳಿದರು:

"ಡಾಕ್ಟ್ರೇ, ಇವನ ಕೊಬ್ಬು ಬೇಡ. ಅದೆಲ್ಲ ಹೋಟೆಲಿನ ಗೋಳಿಬಜೆಯಿಂದ ಬಂದದ್ದು. ನನ್ನದನ್ನು ತೆಗೆಯಿರಿ. ಮನೆಯ ತುಪ್ಪ, ಗಾಣದ ತೆಂಗಿನೆಣ್ಣೆ. ಹೊರಗಿನದ್ದು ಒಂದು ಹನಿ ಇಲ್ಲ."

ಅವರ ಕಣ್ಣಲ್ಲಿ ನೀರಿತ್ತು. ಡಾಕ್ಟರು ಬಹಳ ಗೌರವದಿಂದ, ಈ ಚಿಕಿತ್ಸೆಗೆ ರೋಗಿಯ ಸ್ವಂತ ಕೊಬ್ಬೇ ಆಗಬೇಕು ಎಂದು ವಿವರಿಸಿದರು.

ಚಿಕ್ಕಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಆಗಲಿ, ಹಾಕುವ ಮೊದಲು ಒಮ್ಮೆ ತೊಳೆಯಿರಿ" ಎಂದರು.

ಬೇರ್ಪಡಿಸಿದ ಕೋಶಗಳನ್ನು ತೊಳೆಯುತ್ತಾರೆ ಎಂಬುದು ನಿಜ. ವಿಜ್ಞಾನ ಕಲಿಸುವ ನಾನು ಅದನ್ನು ಅವರಿಗೆ ಹೇಳಬಾರದಿತ್ತು. ಈಗ ಕಾರ್ಕಳದಲ್ಲೆಲ್ಲ ಅದು ಅವರೇ ಡಾಕ್ಟರಿಗೆ ಕೊಟ್ಟ ಸಲಹೆ.

ಐಸಿನ ಪೆಟ್ಟಿಗೆ

ಚಿಕಿತ್ಸೆಯ ದಿನ ಬೆಳಗ್ಗೆ ನಾವು ಕಾರು ಹತ್ತುವಾಗ ಐಸ್ ಪ್ಲಾಂಟಿನ ಕಾಕ ಬಂದರು. ಅವರ ಐಸು, ಅಣ್ಣನ ಏಲಂ, ಎರಡೂ ಬಂದರಿನಲ್ಲಿ ಒಟ್ಟಿಗೇ ಶುರುವಾದದ್ದು. ಕೈಯಲ್ಲಿ ದೊಡ್ಡ ಥರ್ಮಕೋಲ್ ಪೆಟ್ಟಿಗೆ, ಅದರ ತುಂಬ ಪುಡಿ ಮಾಡಿದ ಐಸು.

"ಟೀಚರೇ, ಇದನ್ನು ಡಿಕ್ಕಿಯಲ್ಲಿ ಇಡಿ. ಬಿಸಿಲು ಉಂಟು, ಮಣಿಪಾಲ ಮುಟ್ಟುವಾಗ ಮಾಲು ಕೆಡಬಾರದು."

"ಕಾಕ, ಮಾಲು ಇನ್ನೂ ಇವನ ಒಳಗೇ ಉಂಟು."

"ತೆಗೆದ ಮೇಲೆ?"

"ಅಲ್ಲಿ ಫ್ರಿಜ್ ಇರುತ್ತದೆ."

"ಫ್ರಿಜ್!" ಎಂದು ಕಾಕ ನಕ್ಕರು. "ಕರೆಂಟು ಹೋದರೆ?"

ಪೆಟ್ಟಿಗೆ ಬಂತು. ಆಸ್ಪತ್ರೆಯ ಗೇಟಿನಲ್ಲಿ ವಾಚ್‌ಮನ್ ಡಿಕ್ಕಿ ತೆಗೆಸಿದ, ಮುಚ್ಚಳ ಎತ್ತಿದ, ಐಸಿನೊಳಗೆ ಕೈ ಹಾಕಿ ಹುಡುಕಿದ. "ಮೀನು ಎಲ್ಲಿ?" ಎಂದು ಕೇಳಿದ.

ಅಣ್ಣ ಹೊಟ್ಟೆ ತಟ್ಟಿಕೊಂಡು, "ಇಲ್ಲಿ ಉಂಟು. ಇನ್ನೂ ದಡಕ್ಕೆ ಬರಲಿಲ್ಲ" ಎಂದ.

ಬಾಗಿಲಿನ ಹೊರಗೆ

ಈಗ ಅಣ್ಣ ಬಂದರಿಗೆ ಹೋಗುತ್ತಾನೆ, ಉಸಿರು ನೋಡಿಕೊಂಡು ಕೂಗುತ್ತಾನೆ. ಅದು ಆಕರಕೋಶದ ಗುಣವೋ, ಅತ್ತಿಗೆ ಮತ್ತೆ ಹಿಡಿಸಿದ ನಡಿಗೆಯ ಗುಣವೋ, ಡಾಕ್ಟರೂ ಖಚಿತವಾಗಿ ಹೇಳುವುದಿಲ್ಲ. ಆದ್ದರಿಂದ ನಾನೂ ಹೇಳುವುದಿಲ್ಲ. ಆದರೆ ನನ್ನ ಮಟ್ಟಿಗೆ ಅವನು ಬದುಕಿದ್ದು ಚಿಕಿತ್ಸೆಯ ದಿನ ಬೆಳಗ್ಗೆಯೇ.

ಹೊಟ್ಟೆಯನ್ನಷ್ಟೇ ಮರಗಟ್ಟಿಸಿ, ಸ್ವಲ್ಪ ಮಂಪರಿನ ಮದ್ದು ಕೊಟ್ಟು ಕೊಬ್ಬು ತೆಗೆಯುತ್ತೇವೆ, ಕೋಶಗಳನ್ನು ಮಧ್ಯಾಹ್ನ ಹೃದಯಕ್ಕೆ ಹಾಕುತ್ತೇವೆ ಎಂದಿದ್ದರು. ಅತ್ತಿಗೆ ಮತ್ತು ನಾನು ಹೊರಗೆ ಬೆಂಚಿನಲ್ಲಿ ಕೂತೆವು. ಇಂಥದೇ ಒಂದು ಬಾಗಿಲ ಹೊರಗೆ ನಾನು ನನ್ನ ಗಂಡನ ಸಲವೂ ಕೂತಿದ್ದೆ. ಆ ದಿನ ಒಳಗಿನಿಂದ ಒಂದು ಸದ್ದೂ ಬಂದಿರಲಿಲ್ಲ. ಈ ಸಲ ನಾನು ಬಾಗಿಲನ್ನು ನೋಡದೆ ನೆಲದ ಟೈಲ್ಸ್ ನೋಡುತ್ತಿದ್ದೆ.

ಆಗ ಒಳಗಿನಿಂದ ಸ್ವರ ಎದ್ದಿತು. ಮಲ್ಪೆಯ ಸ್ವರ. ಅವನು ಕೂಗಿದ್ದು ತುಳುವಿನಲ್ಲಿ, ಕನ್ನಡದಲ್ಲಿ ಹೀಗಾಗುತ್ತದೆ:

"ಬನ್ನಿ, ಬನ್ನಿ! ಈಗಷ್ಟೇ ತೆಗೆದ ಮಾಲು! ಐಸು ತಾಗದ ಮಾಲು! ಯಾರು ಕೇಳುತ್ತೀರಿ?"

ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತಿಗೆ "ಅಯ್ಯೋ, ಮಾನ ಹೋಯಿತು" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನನ್ನದೂ ಅದೇ ಸ್ಥಿತಿ.

"ಎಂತ, ಯಾರಿಗೂ ಬಾಯಿ ಇಲ್ಲವಾ?" ಅಣ್ಣ ಗದರಿಸಿದ.

ಅವನನ್ನು ಸುಮ್ಮನಿರಿಸಲಿಕ್ಕೆ ಇರಬೇಕು, ನರ್ಸೊಬ್ಬಳು ಒಂದು ರೇಟು ಹೇಳಿದಳು.

"ಏನು ತಂಗೀ, ಈ ರೇಟಿಗೆ ಬೂತಾಯಿ ಮೀನಿನ ತಲೆಯೂ ಸಿಗುವುದಿಲ್ಲ! ಏಲಂ ಬಂದ್! ಮಾಲನ್ನು ವಾಪಸ್ ಬೋಟಿಗೆ ಹಾಕಿ!"

ಡಾಕ್ಟರಿಗೆ ತುಳು ಬರುತ್ತಿತ್ತು. ಬಹಳ ಶಾಂತವಾಗಿ ಉತ್ತರಿಸಿದರು:

"ಆಯಿತು ಅಣ್ಣಾ. ಮಧ್ಯಾಹ್ನ ಅದೇ ಬೋಟಿಗೆ ಹಾಕುತ್ತೇವೆ. ನೀವು ಅಲ್ಲಾಡದೆ ನಿಂತರೆ ಸಾಕು."