ಒಂದೂವರೆಗೆ ಹಾಯುವ ಉಪಗ್ರಹ

ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಸಂತರಿಗೆ ಸಾಧ್ಯವಿರಬಹುದು, ನಿವೃತ್ತ ಮಾಸ್ತರರಿಗಂತೂ ಸಾಧ್ಯವಿಲ್ಲ. ಅಂಕಲಿಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವನು ನಾನು. ಅಷ್ಟೂ ವರ್ಷ ನಾನು ಪ್ರಶ್ನೆ ಕೇಳಿದೆ, ಮಕ್ಕಳು ತಲೆ ತಗ್ಗಿಸಿದರು. ಈಗ ಯಾರಾದರೂ ತಾವಾಗಿ ಏನಾದರೂ ಕೇಳಿದರೆ ನನಗೆ ಹಬ್ಬ. ಒಮ್ಮೆ ಯಾರೋ "ನಿಪ್ಪಾಣಿ ಬಸ್ ಎಷ್ಟಕ್ಕ ಬರತೈತ್ರಿ?" ಎಂದದ್ದಕ್ಕೆ ನಾನು ಭೂಮಿ ತಿರುಗುವುದರಿಂದ ಶುರು ಮಾಡಿದೆನಂತೆ, ಮುಗಿಸುವಷ್ಟರಲ್ಲಿ ಬಸ್ಸೇ ಹೋಗಿತ್ತಂತೆ. ಇದು ನನ್ನ ಹೆಂಡತಿ ಹೇಳುವ ಕಥೆ. ನನಗೆ ನೆನಪಿಲ್ಲ.

ಕಬ್ಬು ಕಡಿದ ಮೇಲೆ ಹೊಲದಲ್ಲಿ ಬೀಳುವ ಒಣ ಎಲೆಗೆ ನಾವು ರವದಿ ಎನ್ನುತ್ತೇವೆ. ಅದಕ್ಕೆ ಕಡ್ಡಿ ಗೀರುವುದು ಅಜ್ಜನ ಕಾಲದಿಂದ ಬಂದ ಶಾಸ್ತ್ರ. ಹೋದ ಹಂಗಾಮಿನಲ್ಲಿ ಚಿಕ್ಕೋಡಿಯಿಂದ ಕೃಷಿ ಇಲಾಖೆಯ ಸಾಹೇಬರೊಬ್ಬರು ಬಂದು, ರವದಿ ಸುಡಬಾರದೆಂದು ಸಭೆ ಮಾಡಿದರು. "ಮ್ಯಾಲೆ ಉಪಗ್ರಹ ಸುತ್ತಾಕತ್ತಾವ್ರಿ. ಸಮುದ್ರ ಎಷ್ಟ ಕಾದೈತಿ, ಕಾಡಿಗೆ ಎಲ್ಲಿ ಬೆಂಕಿ ಬಿದ್ದೈತಿ, ಯಾರ ಹೊಲದಾಗ ಹೊಗಿ ಎದ್ದೈತಿ, ಎಲ್ಲಾ ನೋಡತಾವ" ಎಂದರು. ಜನ ಒಮ್ಮೆ ಆಕಾಶ ನೋಡಿದರು. ನನ್ನ ಪಕ್ಕದ ಹೊಲದ ಭೂಪಾಲಣ್ಣ ಎದ್ದು, "ದಿನಾ ಎಷ್ಟಕ್ಕ ಬರತೈತ್ರಿ ಅದು?" ಎಂದ. ಸಾಹೇಬರು ಚಹಾದ ಕಡೆ ಗಮನ ಕೊಟ್ಟರು. ಅವರಿಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು!

ಎದ್ದು ನಿಂತೆ. ಬೆಂಕಿ ನೋಡುವ ಉಪಗ್ರಹ ಹಗಲಿನಲ್ಲಿ ಒಂದೂವರೆಯ ಸುಮಾರಿಗೆ ನಮ್ಮ ನೆತ್ತಿಯ ಮೇಲೆ ಹಾಯುತ್ತದೆ ಎಂದೆ. ಧ್ರುವದಿಂದ ಧ್ರುವಕ್ಕೆ ಅದು ಸುತ್ತುವ ಬಗೆಯನ್ನು ಸಾಹೇಬರ ಕಪ್ಪು-ಬಸಿ ಹಿಡಿದು ತೋರಿಸಿದೆ. ಅದನ್ನು ಯಾರೂ ನೋಡಲಿಲ್ಲ. ಒಂದೂವರೆಯನ್ನು ಮಾತ್ರ ಎಲ್ಲರೂ ಬಾಯಿಪಾಠ ಮಾಡಿಕೊಂಡರು. ಕೊನೆಗೆ ರವದಿ ಸುಡುವುದಿಲ್ಲವೆಂಬ ಪ್ರತಿಜ್ಞೆಯನ್ನೂ ನಾನೇ ಬೋಧಿಸಿದೆ. ಎಲ್ಲರೂ ಕೈ ಚಾಚಿ ಹೇಳಿದರು.

ಮರುದಿನದಿಂದ ಊಟ ಮುಗಿಸಿದವರು ನನ್ನ ಕಟ್ಟೆಗೆ ಬರತೊಡಗಿದರು. "ಹೋತೇನ್ರಿ ಮಾಸ್ತರ್ರ ಅದು?" ನಾನು ಗಡಿಯಾರ ನೋಡಿ, "ಹೋತ್ ನೋಡ್ರಿ" ಎನ್ನುತ್ತಿದ್ದೆ. ಮೂರರ ಹೊತ್ತಿಗೆ ಊರ ಸುತ್ತ ಹೊಗೆ. ನಾನೇನೂ ಸುಡಿರೆಂದು ಹೇಳಿಲ್ಲವಲ್ಲ, ವೇಳೆ ಹೇಳಿದ್ದೆ ಅಷ್ಟೇ.

ಇತ್ತ ನನ್ನದೇ ಎರಡೆಕರೆ ಕಬ್ಬು ನಿಂತಲ್ಲೇ ಒಣಗುತ್ತಿತ್ತು. ಕಬ್ಬು ಕಡಿಯುವ ಆಳುಗಳ ಟೋಳಿಗೆ ಮುಖಂಡನಾದ ಮುಕಾದಮನನ್ನು ಕೇಳಿದಾಗಲೆಲ್ಲ "ಪಾಳಿ ಬರ್ಲಿ ತಡೀರಿ" ಎನ್ನುತ್ತಿದ್ದ. ಬೆಂಕಿ ಬಿದ್ದ ಕಬ್ಬಿಗೆ ಮಾತ್ರ ಪಾಳಿಯಿಲ್ಲ. ಕೆಡುವ ಮೊದಲು ಕಡಿಯಬೇಕೆಂದು ಟೋಳಿ ಓಡಿ ಬರುತ್ತದೆ. ಹೀಗಾಗಿ ತಾಳ್ಮೆಗೆಟ್ಟವರು ತಮ್ಮ ಕಬ್ಬಿಗೆ ತಾವೇ ಕಡ್ಡಿ ಗೀರಿ ಬಾಯಿ ಬಡಿದುಕೊಳ್ಳುವುದುಂಟು. ಅಂಥವರನ್ನು ನಾನು ಇದೇ ಕಟ್ಟೆಯ ಮೇಲೆ ಕುಳಿತು ಬಾಯಿತುಂಬ ಬೈದಿದ್ದೇನೆ.

ಒಂದು ಮಧ್ಯಾಹ್ನ ಎರಡಕ್ಕೆ ಭೂಪಾಲಣ್ಣ ಬಂದು ಕೇಳಿದ. ಹೋಯಿತೆಂದೆ. ಎರಡೂವರೆಗೆ ಅವನು ರವದಿಗೆ ಕಡ್ಡಿ ಗೀರಿದ, ಗಾಳಿ ತಿರುಗಿತು. ನಾನು ಕೊಡ ಹಿಡಿದು ಓಡುವಷ್ಟರಲ್ಲಿ ನನ್ನ ಕಬ್ಬಿನ ಎಲೆಯೆಲ್ಲ ಉರಿದು, ಕರಿ ಕೋಲುಗಳು ಉಳಿದಿದ್ದವು.

ಮರುದಿನ ಬೆಳಗಾಗುತ್ತಲೇ ಟೋಳಿ ಹಾಜರು! ಮುಕಾದಮ ಕಣ್ಣು ಮಿಟುಕಿಸಿ, "ಭಾರಿ ತಲಿ ಓಡಿಸೀರಿ ಮಾಸ್ತರ್ರ" ಎಂದ. ಊರಿಗೂರೇ ಹಾಗೆಂದಿತು. ಭೂಪಾಲಣ್ಣನ ಔದಾರ್ಯವಂತೂ ಹೇಳತೀರದು. ಎಲ್ಲರೆದುರು ನನ್ನ ಬೆನ್ನು ತಟ್ಟಿ, "ನಿಮ್ಮ ಕಬ್ಬಿನ ಬೆಂಕಿ ನನ್ನ ರವದಿಗಿ ಹತ್ತೈತಿ. ಇರ್ಲಿ ಬಿಡ್ರಿ, ನಾ ಏನೂ ಅನ್ನಂಗಿಲ್ಲ. ನಾ ಪ್ರತಿಜ್ಞಾ ಮಾಡಿದಾಂವ" ಎಂದ.

ಸಿಟ್ಟಿನಲ್ಲಿ ಮನೆಗೆ ಬಂದು ಹೆಂಡತಿಗೆ ಹೇಳಿದೆ: "ಯಾರ ಹೊಲಕ್ಕ ಮೊದಲ ಬೆಂಕಿ ಬಿತ್ತಂತ ಉಪಗ್ರಹ ನೋಡಿರತೈತಿ. ಚಿಕ್ಕೋಡಿಗೆ ಹೋಗಿ ಸಾಹೇಬರಿಗೆ ಚಿತ್ರಾ ತೋರಸ್ರಿ ಅಂತೀನಿ."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಲ್ರೀ, ಬೆಂಕಿ ಬಿದ್ದಿದ್ದು ಎರಡೂವರಿಗೆ. ಅದು ಎಷ್ಟಕ್ಕ ಹೋಗತೈತ್ರಿ?"

ಉತ್ತರ ನನಗೆ ಗೊತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಸುಮ್ಮನೆ ಕುಳಿತೆ.