ಗ್ರೇಡ್ ಪ್ರಕಾರ ಚೆಸ್

ನನಗೆ ಸಿಟ್ಟು ಬರಿಸಲಿಕ್ಕೆಂದೇ ದೇವರು ಚೆನ್ನೈಯಲ್ಲಿ ಒಂದಷ್ಟು ಜನರನ್ನು ಸಂಬಳ ಕೊಟ್ಟು ಇಟ್ಟಿದ್ದಾನೋ ಏನೋ ಗೊತ್ತಿಲ್ಲ. ಒಂದು ಪ್ರಸಂಗ ಮರೆತು ಸಮಾಧಾನವಾಗಿ ಕೂತೆ ಅನ್ನುವಷ್ಟರಲ್ಲಿ ಇನ್ನೊಂದು ಬಂದು ಎದುರಿಗೆ ನಿಂತಿರುತ್ತದೆ. ಅದರಲ್ಲೂ ಚೆಸ್ ವಿಷಯದಲ್ಲಿ ನಾನು ಪಟ್ಟ ಹೊಟ್ಟೆಯುರಿ ಅಷ್ಟಿಷ್ಟಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೌಂಟ್ ರೋಡಿನ ಒಂದು ವಿಮಾ ಕಚೇರಿಗೆ ಗುಮಾಸ್ತೆಯಾಗಿ ಸೇರಿದೆ. ಚೆಸ್ ನನಗೆ ಚಿಕ್ಕಂದಿನಿಂದ ಗೊತ್ತು. ಅಪ್ಪ ರೈಲ್ವೆಯಲ್ಲಿದ್ದರು, ಡ್ಯೂಟಿ ಮುಗಿಸಿ ಬಂದು ನನ್ನನ್ನು ಕೂರಿಸಿಕೊಂಡು ಕಲಿಸಿದ್ದರು. ನಮ್ಮೂರಿನ ಹುಡುಗನೊಬ್ಬ ಪ್ರಪಂಚದ ದೊಡ್ಡ ದೊಡ್ಡವರನ್ನು ಸೋಲಿಸುತ್ತಿದ್ದ ಕಾಲ ಅದು. ಒಂದೊಂದು ಆಫೀಸಿಗೂ ನಾಲ್ಕು ಜನರ ಚೆಸ್ ಟೀಮು, ವರ್ಷಕ್ಕೊಂದು ಪಂದ್ಯಾವಳಿ. ಎಲ್ಲರಿಗಿಂತ ಗಟ್ಟಿ ಆಟಗಾರ ಮೊದಲನೇ ಬೋರ್ಡಿನಲ್ಲಿ ಕೂರಬೇಕು, ಅದಕ್ಕಿಂತ ಕಡಿಮೆಯವರು ಆಮೇಲೆ. ನನಗಿದ್ದದ್ದು ಒಂದೇ ಆಸೆ, ಆ ಮೊದಲನೇ ಬೋರ್ಡಿನಲ್ಲಿ ಒಂದು ಸಲ ಕೂರಬೇಕು ಅಂತ.

ಫೋಟೋ ನೋಡಿದರೆ ಸಾಕು

ನಮ್ಮ ಮ್ಯಾನೇಜರು ಮಧ್ಯಾಹ್ನ ಚಿತ್ರಾನ್ನದ ಡಬ್ಬಿ ಬಿಚ್ಚಿದರೆಂದರೆ ಹಳೇ ಚಾಂಪಿಯನ್ನರ ವಿಚಾರಣೆ ಶುರು. ಯಾರು ಓವರ್‌ರೇಟೆಡ್, ಯಾರು ಅಂಡರ್‌ರೇಟೆಡ್ ಅಂತ. ಅಂದರೆ ಆಟಕ್ಕಿಂತ ಹೆಸರು ಜಾಸ್ತಿಯಾದವರು ಯಾರು, ಆಟವಿದ್ದೂ ಹೆಸರು ಸಿಗದವರು ಯಾರು ಎಂದು. ಆ ಅಮೆರಿಕದವನು ಓವರ್‌ರೇಟೆಡ್ಡಂತೆ, ಪಟ್ಟ ಗೆದ್ದು ಬಾಗಿಲು ಹಾಕಿಕೊಂಡು ಕೂತನಂತೆ. ಕ್ಯೂಬಾದವನು ಅಂಡರ್‌ರೇಟೆಡ್ಡಂತೆ, ಅವನ ಕೋಟು ನೋಡುತ್ತ ಯಾರೂ ಆಟ ನೋಡಲಿಲ್ಲವಂತೆ. ರಷ್ಯದವರು ಸಾರಾಸಗಟಾಗಿ ಓವರ್‌ರೇಟೆಡ್ಡಂತೆ, ಸರ್ಕಾರವೇ ಬೆನ್ನಿಗೆ ನಿಂತಿದ್ದರೆ ಇವರೂ ಗೆಲ್ಲುತ್ತಿದ್ದರಂತೆ.

ಆ ಅಮೆರಿಕದವನ ಯಾವ ಆಟ ನೋಡಿದ್ದೀರಿ ಸಾರ್ ಅಂತ ಕೇಳಿದೆ. ಒಂದನ್ನೂ ನೋಡಿರಲಿಲ್ಲ. "ಆಟ ಯಾಕಮ್ಮಾ ನೋಡಬೇಕು? ಪೇಪರಲ್ಲಿ ಫೋಟೋ ನೋಡಿದರೆ ಗೊತ್ತಾಗಲ್ವಾ?" ಅಂದರು.

ಸರಿ, ನಿಮ್ಮ ಈ ಇತಿಹಾಸದಲ್ಲಿ ಹೆಂಗಸರೇ ಇಲ್ಲವಲ್ಲ ಅಂದೆ. ಹೆಂಗಸರಿಗೆ ತಾಳ್ಮೆ ಸಾಲದು ಅಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ವರ್ಷ ಊರಿಗೆ ಊರೇ ನೀರಿಲ್ಲದೆ ಒದ್ದಾಡುತ್ತಿತ್ತು. ಪಲ್ಲಾವರಂನ ನಮ್ಮ ಬೀದಿಗೆ ನೀರಿನ ಲಾರಿ ಯಾವಾಗ ಬರುತ್ತದೋ ಅಂತ ಬೆಳಗ್ಗೆ ಎದ್ದು ಪ್ಲಾಸ್ಟಿಕ್ ಕೊಡಗಳ ಸಾಲಿನಲ್ಲಿ ನಿಂತು, ನೀರು ಹೊತ್ತು, ಅಡಿಗೆ ಮಾಡಿ, ಮಗಳನ್ನು ಸ್ಕೂಲಿಗೆ ಅಟ್ಟಿ, ಎಲೆಕ್ಟ್ರಿಕ್ ಟ್ರೈನಿನಲ್ಲಿ ನೇತಾಡಿಕೊಂಡು ಬಂದವಳು ನಾನು. ಕಾಫಿ ಸ್ವಲ್ಪ ತಡವಾದರೆ ಆಫೀಸು ಹಾರಿಹೋಗುವ ಹಾಗೆ ಕೂಗುವವರು ಇವರು. ತಾಳ್ಮೆ ಯಾರಿಗಿದೆ ಅಂತ ಅಷ್ಟನ್ನೂ ಬಿಡಿಸಿ ಹೇಳಿದೆ.

ಮ್ಯಾನೇಜರು ಪೂರ್ತಿ ಕೇಳಿಸಿಕೊಂಡು ಉಳಿದವರ ಕಡೆ ತಿರುಗಿದರು. "ನೋಡಿದಿರಾ? ಎಷ್ಟು ಬೇಗ ಸಿಟ್ಟು ಬಂತು. ನಾನು ಹೇಳಿದ್ದು ಇದನ್ನೇ."

ಸೊಜ್ಜಿ-ಬಜ್ಜಿ ಆರುವ ಮುಂಚೆ

ಆಫೀಸಿನವರನ್ನು ಅಂದು ಪ್ರಯೋಜನವೇನು, ಮನೆಯಲ್ಲೇ ಒಬ್ಬರು ಕೂತಿದ್ದಾರೆ. ನಮ್ಮ ಯಜಮಾನರದು ತಲೆತಲಾಂತರದಿಂದ ಮದರಾಸಿನಲ್ಲೇ ನೆಲೆಸಿದ ಮನೆತನ. ಹುಡುಗ ಚೆಸ್ಸಿನಲ್ಲಿ ದೊಡ್ಡ ಪಂಡಿತ ಅಂತ ನೆಂಟರಿಷ್ಟರಲ್ಲೆಲ್ಲ ಹೆಸರು. ಯಾರನ್ನಾದರೂ ಸೋಲಿಸಿದ್ದನ್ನು ಕಂಡವರಿಲ್ಲ, ಚಾಂಪಿಯನ್ನರ ಬಗ್ಗೆ ಮಾತಾಡುವುದನ್ನು ಕೇಳಿದವರು ಬೇಕಾದಷ್ಟು.

ನನ್ನನ್ನು ನೋಡಲು ಬಂದ ದಿನ, ಸೊಜ್ಜಿ, ಅಂದರೆ ಸಜ್ಜಿಗೆ, ಮತ್ತು ಬಜ್ಜಿಯ ತಟ್ಟೆ ಮುಂದಿಟ್ಟ ಮೇಲೆ, ಹಾಡ್ತೀಯಾಮ್ಮ ಅಂತ ಗಂಡಿನ ಕಡೆಯವರು ಕೇಳಿದರು. ಹಾಡು ಬರಲ್ಲ, ಚೆಸ್ ಆಡ್ತೀನಿ ಅಂದೆ. ಅಮ್ಮ ತಲೆ ಮೇಲೆ ಕೈಯಿಟ್ಟುಕೊಂಡಳು. ಅವರಿಗೋ ಖುಷಿಯೋ ಖುಷಿ, ಹುಡುಗನೂ ಹುಡುಗಿಯೂ ಒಂದಾಟ ಆಡಲಿ ಅಂತ ಬೋರ್ಡು ತರಿಸಿದರು. ಅಪ್ಪ ಕಣ್ಣಿನಲ್ಲೇ ಬೇಡ ಬೇಡ ಅನ್ನುತ್ತಿದ್ದರು. ಯಾಕೆ ಬೇಡ ಅಂತ ನನಗೆ ತಿಳಿಯಲಿಲ್ಲ. ತಟ್ಟೆಯಲ್ಲಿದ್ದ ಬಜ್ಜಿ ಆರುವ ಮುಂಚೆ ಹುಡುಗನ ಮಂತ್ರಿ ಹೋಯಿತು, ಅದರ ಹಿಂದೆಯೇ ರಾಜನೂ ಹೋದ. ಎಲ್ಲರೂ ಬಾಯಿಗಿಟ್ಟ ಸೊಜ್ಜಿ ನುಂಗುವುದನ್ನೇ ಮರೆತರು.

ನನ್ನ ಅತ್ತೆಯಾಗುವವರು ಮೊದಲು ಸುಧಾರಿಸಿಕೊಂಡರು. "ಪಾವಂ, ಪಾಪ, ಹುಡುಗಿ ಮನಸ್ಸು ನೋಯಬಾರದೂಂತ ಬಿಟ್ಟುಕೊಟ್ಟ ನೋಡಿ. ಎಷ್ಟು ದೊಡ್ಡ ಮನಸ್ಸು ನಮ್ಮ ಹುಡುಗಂದು" ಅಂದರು. ಹುಡುಗನೂ ಹೌದು ಅನ್ನುವ ಹಾಗೆ ನಕ್ಕ. ಅವತ್ತೇ ಸಂಬಂಧ ಗಟ್ಟಿಯಾಯಿತು, ಅವರ ಹೆಸರೂ ಇನ್ನಷ್ಟು ಗಟ್ಟಿಯಾಯಿತು.

ಮದುವೆಯಾದ ಮೇಲೆ ಇನ್ನೊಂದಾಟ ಆಡೋಣ ಬನ್ನಿ ಅಂತ ಎಷ್ಟು ಸಲ ಕರೆದಿದ್ದೇನೋ. ಬರುವುದಿಲ್ಲ. "ಒಂದು ಸಲ ಬಿಟ್ಟುಕೊಟ್ಟಿದ್ದಾಯ್ತಲ್ಲ. ಪದೇ ಪದೇ ಬಿಟ್ಟುಕೊಟ್ಟರೆ ನಿನಗೇ ಅವಮಾನ" ಅನ್ನುತ್ತಾರೆ.

ಬಲ ಬೇರೆ, ಗ್ರೇಡ್ ಬೇರೆ

ಆಫೀಸಿನ ಟೀಮು ಆರಿಸುವ ದಿನ ಬಂತು. ಮಧ್ಯಾಹ್ನದ ಬಿಡುವಿನಲ್ಲಿ ಆಡಿ ನನ್ನ ಕೈಲಿ ಸೋಲದವರು ಅಲ್ಲಿ ಯಾರೂ ಉಳಿದಿರಲಿಲ್ಲ. ಮ್ಯಾನೇಜರಂತೂ ಸೋತಾಗಲೆಲ್ಲ ತಲೆಯಲ್ಲಿ ಕ್ಲೇಮಿನ ಫೈಲು ಓಡುತ್ತಿತ್ತು ಅನ್ನುತ್ತಿದ್ದರು. ಹಾಗಾಗಿ ಈ ಸಲ ಮೊದಲನೇ ಬೋರ್ಡು ನನ್ನದೇ ಅಂದುಕೊಂಡಿದ್ದೆ.

ನೋಟೀಸ್ ಬೋರ್ಡಿನಲ್ಲಿ ಮೊದಲು ಮ್ಯಾನೇಜರು, ಅವರ ಕೆಳಗೆ ಅಸಿಸ್ಟೆಂಟ್ ಮ್ಯಾನೇಜರು, ಅವರ ಕೆಳಗೆ ಸೂಪರಿಂಟೆಂಡೆಂಟು, ನಾಲ್ಕನೆಯವರು ಸೀನಿಯರ್ ಸ್ಟೆನೋ. ನಾನು ರಿಸರ್ವ್. ನಮ್ಮ ಆಫೀಸಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿ, ದೀಪಾವಳಿ ರಜೆ, ಕಾಫಿ ಯಾರಿಗೆ ಮೊದಲು ಅನ್ನುವುದು ಸಮೇತ ಎಲ್ಲವೂ ಗ್ರೇಡ್ ಪ್ರಕಾರ. ಚೆಸ್ಸನ್ನೂ ಹಾಗೇ ಮಾಡಿಬಿಟ್ಟಿದ್ದರು.

ಸೀದಾ ಛೇಂಬರಿಗೆ ಹೋಗಿ, ಬೋರ್ಡು ಹಂಚುವುದು ಆಟದ ಬಲ ನೋಡಿ ಸಾರ್, ಗ್ರೇಡ್ ನೋಡಿ ಅಲ್ಲ ಅಂದೆ. ಅವರು ಕನ್ನಡಕ ತೆಗೆದು ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದರು. "ಬಲ ಇವತ್ತಿದ್ದ ಹಾಗೆ ನಾಳೆ ಇರಲ್ಲಮ್ಮಾ. ಗ್ರೇಡ್ ಅಂದರೆ ಸರ್ಕ್ಯುಲರ್ ಬರೋವರೆಗೆ ಅಲ್ಲಾಡಲ್ಲ."

ಎದುರಾಳಿಗೆ ಬೆವರು

ಪಂದ್ಯ ಮಣಲಿಯ ಒಂದು ಕಾರ್ಖಾನೆಯ ಹಾಲಿನಲ್ಲಿ. ರಿಸರ್ವ್ ಆಟಗಾರ್ತಿಯ ಕೆಲಸ ಏನು ಅಂದುಕೊಂಡಿರಿ? ಎಲ್ಲರಿಗೂ ಪುಳಿಯೋಗರೆ, ಮೊಸರನ್ನದ ಪೊಟ್ಟಣ ಹೊತ್ತು ತರುವುದು, ನೀರಿನ ಬಾಟಲಿ ತುಂಬಿಸುವುದು. ಕೋಪ ನುಂಗಿಕೊಂಡು ಅದನ್ನೂ ಮಾಡಿದೆ.

ಚೆಸ್ ಗಡಿಯಾರದಲ್ಲಿ ಎರಡು ಮುಖ ಇರುತ್ತವೆ. ನಮ್ಮ ನಡೆ ಆದ ಮೇಲೆ ಗುಂಡಿ ಒತ್ತಬೇಕು, ಆಗ ಎದುರಿನವನ ಹೊತ್ತು ಓಡುತ್ತದೆ. ನಮ್ಮ ಮ್ಯಾನೇಜರು ಕುದುರೆ ಇಟ್ಟರು, ಒತ್ತುವುದನ್ನು ಮರೆತರು, ಒರಗಿ ಕೂತು ಕಾಲಾಡಿಸತೊಡಗಿದರು. ಎದುರಿನವನು ಕೈಕಟ್ಟಿ ಸುಮ್ಮನೆ ಕೂತ. ಅವನೇಕೆ ಹೇಳುತ್ತಾನೆ? ಪಕ್ಕದಲ್ಲಿ ನಿಂತವರು ಬಾಯಿ ಬಿಡುವಂತಿಲ್ಲ. ನಾನು ಕೆಮ್ಮಿದೆ, ಬಳೆ ಸದ್ದು ಮಾಡಿದೆ, ಗಡಿಯಾರದ ಕಡೆ ಕಣ್ಣು ಬಿಟ್ಟೆ. ಮ್ಯಾನೇಜರು ತಿರುಗಿ ನೋಡಿ, ಗಂಟಲಿಗೆ ಬಿಸಿನೀರು ಕುಡಿಯಮ್ಮಾ ಅಂತ ಸನ್ನೆ ಮಾಡಿದರು. ಕೊನೆಗೆ ಅವರ ಹೊತ್ತೆಲ್ಲ ಓಡಿಹೋಗಿ ಸೋತರು, ಟೀಮೂ ಸೋತಿತು.

ವಾಪಸು ವ್ಯಾನಿನಲ್ಲಿ ಬರುತ್ತ ಎಲ್ಲರಿಗೂ ಹೇಳಿದರು. "ನನ್ನ ನಡೆ ನೋಡಿ ಅವನು ಬೆವರಿ, ಕೈಕಾಲು ಬಿದ್ದವನ ಹಾಗೆ ಕೂತುಬಿಟ್ಟಿದ್ದ. ಇನ್ನೊಂದು ಸ್ವಲ್ಪ ಹೊತ್ತು ಸಿಕ್ಕಿದ್ದರೆ ಗೆದ್ದೇಬಿಡ್ತಿದ್ದೆ."

ಸಾರ್ ಕುರ್ಚಿ

ಮರುವರ್ಷ, ಅದು ಯಾವ ಪುಣ್ಯವೋ, ನಾವು ಫೈನಲ್‌ಗೆ ಬಂದೆವು. ಎದುರು ಎಣ್ಣೂರಿನ ಕಡೆಯ ಒಂದು ಕಂಪನಿ. ಅವತ್ತೇ ನಮ್ಮ ವಲಯದ ದೊಡ್ಡ ಸಾಹೇಬರು ವಿಮಾನದಲ್ಲಿ ಬರುವವರಿದ್ದರು. ಹಾರ ಹಿಡಿದುಕೊಂಡು ಮ್ಯಾನೇಜರು ಏರ್‌ಪೋರ್ಟಿಗೆ ಓಡಿದರು. ಮೊದಲನೇ ಬೋರ್ಡು ಖಾಲಿ.

ನೀವು ಕೂತುಕೊಳ್ಳಿ ಅಂತ ಅಸಿಸ್ಟೆಂಟ್ ಮ್ಯಾನೇಜರಿಗೆ ಹೇಳಿದರೆ ಅವರು ಹಿಂದಕ್ಕೆ ಸರಿದರು. ಸಾರ್ ಇರುವಾಗಲೇ ಸಾರ್ ಕುರ್ಚಿಯಲ್ಲಿ ಕೂರುವುದೇ, ನಾಳೆ ಕಿವಿಗೆ ಬಿದ್ದರೆ ಪ್ರಮೋಷನ್ ಗತಿಯೇನು ಅಂತ ಅವರ ಭಯ. ಸೂಪರಿಂಟೆಂಡೆಂಟು ನನಗೂ ಬೇಡಪ್ಪ ಅಂದರು. ಸ್ಟೆನೋ ಬಾತ್‌ರೂಮಿಗೆ ಹೋದವರು ಈ ಮಾತು ಮುಗಿಯುವವರೆಗೆ ಬರಲೇ ಇಲ್ಲ. ಕಡೆಗೆ ಅಸಿಸ್ಟೆಂಟ್ ಮ್ಯಾನೇಜರು ಒಂದು ದಾರಿ ಕಂಡುಹಿಡಿದರು. "ಮೇಡಂ ಕೂರಲಿ. ಅವರಿಗೆ ಹೇಗೂ ಪ್ರಮೋಷನ್ ಇಲ್ಲ, ಸಾರ್ ತಪ್ಪು ತಿಳಿಯಲ್ಲ."

ಇಷ್ಟು ವರ್ಷ ಆಸೆಪಟ್ಟ ಜಾಗ ಹೀಗೆ ಸಿಕ್ಕಿತಲ್ಲ ಅಂತ ಅಳುವುದೋ ನಗುವುದೋ ತಿಳಿಯದೆ ಕೂತೆ. ಅವರ ಕಂಪನಿಯಲ್ಲೂ ಗ್ರೇಡ್ ಪ್ರಕಾರವೇ ಇರಬೇಕು, ಎದುರಿಗೆ ಅವರ ಜನರಲ್ ಮ್ಯಾನೇಜರು ಬಂದು ಕೂತರು. ನನ್ನನ್ನು ನೋಡಿ ಕಾಫಿಗೆ ಸಕ್ಕರೆ ಬೇಡಮ್ಮಾ ಅಂದರು. ಆಗಲಿ ಸಾರ್ ಅಂತ ಹೇಳಿ ಅವರ ಗಡಿಯಾರ ಓಡಿಸಿದೆ.

ಉಳಿದ ಮೂರು ಬೋರ್ಡಿನಲ್ಲಿ ಒಂದು ಗೆದ್ದು, ಒಂದು ಸೋತು, ಇನ್ನೊಂದು ಸಮವಾಯಿತು. ಷೀಲ್ಡು ಈಗ ನನ್ನ ಕೈಲಿ. ನನ್ನ ಆನೆಯೂ ಕುದುರೆಯೂ ಸೇರಿ ಅವರ ರಾಜನನ್ನು ಮೂಲೆಗೆ ಒತ್ತಿದವು. ಅವರು ರಾಜನನ್ನು ಎತ್ತುವುದು, ಹಿಂದೆ ನಿಂತ ತಮ್ಮ ಆಫೀಸರನ ಮುಖ ನೋಡುವುದು, ಮತ್ತೆ ಅಲ್ಲೇ ಇಡುವುದು. ಆಟ ಮುಗಿದಿದೆ ಸಾರ್ ಅಂತ ನಾನೇ ಹೇಳಬೇಕಾಯಿತು. ಅಪ್ಪ ಇದನ್ನು ನೋಡಬೇಕಿತ್ತು ಅನ್ನಿಸಿ ನನಗೆ ಕಣ್ಣು ತುಂಬಿಬಂತು.

ಸರಿಯಾಗಿ ಆಗ ದೊಡ್ಡ ಸಾಹೇಬರು ಕುತ್ತಿಗೆಯಲ್ಲಿ ಹಾರದ ಸಮೇತ ಬಂದರು, ಹಿಂದೆ ನಮ್ಮ ಮ್ಯಾನೇಜರು. ಈಕೆ ಯಾರು ಅಂತ ಸಾಹೇಬರು ಕೇಳಿದರು. ಮ್ಯಾನೇಜರು ಒಂದು ಕ್ಷಣವೂ ತಡವರಿಸಲಿಲ್ಲ, ನಮ್ಮ ಮೊದಲನೇ ಬೋರ್ಡು ಸಾರ್, ನಾನೇ ತಯಾರು ಮಾಡಿದ್ದು ಅಂದರು. ಹಾಗಾದರೆ ಇನ್ನು ಮೇಲೆ ಇವರೇ ಕೂರಲಿ ಅಂದರು ಸಾಹೇಬರು. ಗ್ರೇಡಿನಲ್ಲಿ ದೊಡ್ಡವರು ಹೇಳಿದ ಮೇಲೆ ಅಪೀಲೇ ಇಲ್ಲ.

ಮಾರನೇ ದಿನ ಮ್ಯಾನೇಜರು ಚಿತ್ರಾನ್ನದ ಡಬ್ಬಿ ಬಿಚ್ಚಿ ತೀರ್ಪು ಕೊಟ್ಟರು. "ಎಣ್ಣೂರಿನ ಆ ಮನುಷ್ಯ ಶುದ್ಧ ಓವರ್‌ರೇಟೆಡ್. ಒಬ್ಬ ಹೆಂಗಸಿನ ಕೈಲಿ ಸೋತರು ಅಂದಮೇಲೆ ನೀವೇ ಯೋಚನೆ ಮಾಡಿ." ನಾನು ಬೋರ್ಡು ತಂದು ಅವರ ಮುಂದೆ ಇಟ್ಟು, ಬನ್ನಿ ಸಾರ್ ಅಂದೆ. ಅರ್ಧ ಚಿತ್ರಾನ್ನ ಬಿಟ್ಟು, ಡಬ್ಬಿ ಮುಚ್ಚಿ, ಮೀಟಿಂಗಿದೆ ಅಂತ ಎದ್ದುಹೋದರು.

ಆದರೆ ಮ್ಯಾನೇಜರು ಗುಮಾಸ್ತೆಯ ಕೆಳಗೆ ಎರಡನೇ ಬೋರ್ಡಿನಲ್ಲಿ ಕೂರುವುದು ಹೇಗೆ? ಆಫೀಸು ಬಹಳ ತಲೆ ಕೆಡಿಸಿಕೊಂಡು ಅವರಿಗೊಂದು ಹೊಸ ಹುದ್ದೆ ಹುಟ್ಟುಹಾಕಿತು, ಆಡದ ನಾಯಕ ಅಂತ. ಮೊದಲನೇ ಬೋರ್ಡು ನನಗೆ, ಅದರ ಪಕ್ಕದಲ್ಲಿ ಕೈಯಿರುವ ಕುರ್ಚಿ ಅವರಿಗೆ. ಅವರು ನಿವೃತ್ತರಾಗುವವರೆಗೆ ನಾನು ಒಂದಷ್ಟು ಗೆದ್ದೆ, ಒಂದಷ್ಟು ಸೋತೆ. ಬೀಳ್ಕೊಡುಗೆಯ ದಿನ ಅಸಿಸ್ಟೆಂಟ್ ಮ್ಯಾನೇಜರು ಅವರಿಗೆ ಶಾಲು ಹೊದಿಸಿ, ನಾಯಕರಾದ ಮೇಲೆ ಇಷ್ಟು ವರ್ಷದಲ್ಲಿ ಒಂದೇ ಒಂದು ಆಟವನ್ನೂ ಸೋಲದ ನಮ್ಮ ಆಫೀಸಿನ ಏಕೈಕ ಆಟಗಾರ ಅಂತ ಹೊಗಳಿದರು.