ಹತ್ತನೆಯ ಬುಡ್ಡಿ

ಗಾಜಿನ ಬುಡ್ಡಿಯೊಂದಕ್ಕೆ ಐದು ಯೂರೋ. ಅದರೊಳಗೆ ಹಾಕುವ ನಾರುವ ದ್ರಾವಣಕ್ಕೆ ಬಿಡಿಕಾಸು. ಟ್ರ್ಯಾಕ್ಟರು ತಂದು ಊರಿನ ಮರಗಳಿಗೆಲ್ಲ ಔಷಧಿ ಹೊಡೆಸುವುದಕ್ಕೆ ಎರಡು ಸಾವಿರ, ಅದು ಸರ್ಕಾರದ್ದು. ಇನ್ನು ಆಲಿವ್ ನೊಣದ ಲೆಕ್ಕ: ಒಂದು ಹೆಣ್ಣು ನೊಣ ಕಾಯಿಗೊಂದರಂತೆ ಇನ್ನೂರೈವತ್ತು ಮೊಟ್ಟೆಯಿಡುತ್ತದೆ. ಅಷ್ಟು ಕಾಯಿ ಹಿಂಡಿದರೆ ಒಂದು ಸಣ್ಣ ಲೋಟ ಎಣ್ಣೆ. ಅಕ್ಕಿಕಾಳಿನಷ್ಟಿರುವ ಪ್ರಾಣಿಗೆ ಇದು ದೊಡ್ಡ ಹೊಟ್ಟೆಯೇ ಸರಿ.

ಗ್ರೀಸಿನ ಕ್ರೀಟ್ ದ್ವೀಪದ ಮೆರ್ತೀನಿ ಊರಿನಲ್ಲಿ ಈ ನೊಣಗಳನ್ನು ಎಣಿಸುವ ಕೆಲಸ ಮನೂಸೋಸನದು. ಗೊತ್ತು ಮಾಡಿದ ಹತ್ತು ಮರಗಳಲ್ಲಿ ಹತ್ತು ಬುಡ್ಡಿ. ವಾಸನೆಗೆ ಬಂದ ನೊಣ ತಳದಲ್ಲಿ ಒಳಮುಖವಾಗಿ ಎದ್ದಿರುವ ತೂತಿನಿಂದ ಒಳಹೊಕ್ಕು ದ್ರಾವಣದಲ್ಲಿ ಮುಳುಗುತ್ತದೆ. ಐದು ದಿನಕ್ಕೊಮ್ಮೆ ಎಣಿಕೆ. ಬುಡ್ಡಿಗೆ ಸರಾಸರಿ ಏಳು ನೊಣ ಬಿದ್ದಿದ್ದರೆ ಮರುದಿನ ಬೆಳಗ್ಗೆ ಟ್ರ್ಯಾಕ್ಟರು ಬರುತ್ತದೆ. ಕಡಿಮೆಯಾದರೆ ಪಕ್ಕದ ಊರಿಗೆ ಹೋಗುತ್ತದೆ, ಇತ್ತ ತಿರುಗುವುದು ಮೂರು ವಾರದ ಮೇಲೆ.

ಮೂರು ವಾರ ಕಾಯುವ ಸ್ಥಿತಿಯಲ್ಲಿ ಮನೂಸೋಸ ಇರಲಿಲ್ಲ. ಹಿಂದಿನ ದಿನ ತನ್ನ ಅರವತ್ತು ಮರಗಳ ಕಾಯಿ ಕುಯ್ದು ನೋಡಿದ್ದ. ಹತ್ತರಲ್ಲಿ ಮೂರಕ್ಕೆ ನೊಣ ಚುಚ್ಚಿದ ಗುರುತು. ಆ ಅರವತ್ತು ಮರ ಬಿಟ್ಟರೆ ಅವನಿಗೆ ಇದ್ದದ್ದು ಒಂದು ಹೇಸರಗತ್ತೆ ಮತ್ತು ಒಬ್ಬ ಅತ್ತೆ.

ಎಣಿಕೆಯ ದಿನ ಬೆಳಗ್ಗೆ ಆರಕ್ಕೆ ಹೊರಟ. ಮೊದಲನೆಯ ಮರದಲ್ಲಿ ಬುಡ್ಡಿಯಿರಲಿಲ್ಲ, ತಂತಿಯ ಕೊಕ್ಕೆ ಮಾತ್ರ ಇತ್ತು. ಎರಡನೆಯದರಲ್ಲಿ ಕೊಕ್ಕೆಯೂ ಇರಲಿಲ್ಲ. ಒಂದೂ ಬುಡ್ಡಿ ಸಿಗದೆ ಹತ್ತೂ ಮರ ಸುತ್ತಿ ಬರುವ ಹೊತ್ತಿಗೆ ಅವನ ಮುಖ ಹಿಂಡಿದ ನಿಂಬೆಹಣ್ಣಿನಂತಾಗಿತ್ತು. ಹನ್ನೊಂದಕ್ಕೆ ಜಿಲ್ಲೆಯಿಂದ ಮೇಲ್ವಿಚಾರಕಿ ಆಂಥಿ ತಪಾಸಣೆಗೆ ಬರುವವಳಿದ್ದಳು.

ಕಾಫಿ ಅಂಗಡಿಯ ಸೀಫಿಸ್ ಬಾಗಿಲು ತೆಗೆಯುತ್ತಿದ್ದ. ಅವನ ಹಿತ್ತಲಿನ ಆಲಿವ್ ಮರದಲ್ಲಿ ಒಂದು ಬುಡ್ಡಿ ತೂಗಾಡುತ್ತಿತ್ತು.

“ಏನೋ ಇದು, ಸೀಫಿ?”

“ಬುಡ್ಡಿ ಕಣೋ. ನೊಣ ಎಲ್ಲ ಅದರೊಳಗೆ ಹೋಗ್ತವಲ್ಲ, ಮರಕ್ಕೆ ಕೂರೋದೇ ಇಲ್ಲ. ಭಾನುವಾರ ಎಲ್ಲರಿಗೂ ನಾನೇ ಹೇಳ್ದೆ.”

“ಎಲ್ಲರಿಗೂ ಹೇಳಿದ್ಯಾ?”

“ಒಳ್ಳೇದನ್ನ ಒಬ್ಬನೇ ಇಟ್ಕೋಬಾರ್ದು ನೋಡು.”

“ಅಯ್ಯೋ ಪುಣ್ಯಾತ್ಮ! ಅದು ನೊಣ ಓಡ್ಸೋದಲ್ಲ, ಕರೆಯೋದು. ಊರಿನ ನೊಣಾನೆಲ್ಲ ನಿನ್ನ ಮರಕ್ಕೆ ಊಟಕ್ಕೆ ಕರೆದಿದೀಯ!”

ಸೀಫಿಸ್ ಒಂದು ಕ್ಷಣ ಮರವನ್ನೇ ನೋಡಿದ. ಆಮೇಲೆ ಬುಡ್ಡಿಯನ್ನು ಬಿಚ್ಚಿ, ಸುಡುವ ಕೆಂಡದಂತೆ ಹಿಡಿದು ಮನೂಸೋಸನ ಕೈಗಿತ್ತ.

ಅಲ್ಲಿಂದ ಮನೆಮನೆ ಅಲೆದಾಟ. ಒಬ್ಬಳ ಬುಡ್ಡಿ ಕೋಳಿಗೂಡಿನ ಹಿಂದಿತ್ತು. ಇನ್ನೊಬ್ಬನದು ಸೊಸೆಯ ಮರಕ್ಕೆ ಹೋಗಿ, ಜಗಳವಾಗಿ, ವಾಪಸು ಬಂದಿತ್ತು. ಪಾದ್ರಿಗಳ ಹತ್ತಿರ ಎರಡು ಸಿಕ್ಕವು.

“ಎರಡು ಯಾಕೆ ಪಾದ್ರಿಗಳೇ?”

“ಒಂದು ನನ್ನ ಮರಕ್ಕಪ್ಪ, ಒಂದು ಚರ್ಚಿನದಕ್ಕೆ. ದೇವರ ಮರದ ಪಾಲನ್ನ ನಾನು ಕಿತ್ಕೊಂಡಿಲ್ಲ, ಬೇಕಾದ್ರೆ ನೋಡ್ಕೋ.”

ಹತ್ತೂವರೆಗೆ ಒಂಬತ್ತು ಬುಡ್ಡಿ ಸೇರಿದವು. ಹತ್ತನೆಯದು ಊರಿನವರ ಯಾವ ಹಿತ್ತಲಲ್ಲೂ ಇರಲಿಲ್ಲ. ಒಂಬತ್ತನ್ನೂ ಅವುಗಳ ಮರಗಳಿಗೆ ತಗುಲಿಸಿ ಇಳಿಯುವಷ್ಟರಲ್ಲಿ ಆಂಥಿಯ ಜೀಪು ಬಂದೇಬಿಟ್ಟಿತು.

ಅವಳು ಒಂದೊಂದೇ ಬುಡ್ಡಿಯನ್ನು ಚಹಾ ಜರಡಿಗೆ ಬಗ್ಗಿಸಿ, ಚಿಮಟದಿಂದ ನೊಣವೆತ್ತಿ, ಆಲಿವ್ ನೊಣವೇ ಹೌದೋ ಎಂದು ರೆಕ್ಕೆಯ ತುದಿಯ ಕಪ್ಪು ಚುಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದಳು. ಊರಿಗೆ ಊರೇ ಹಿಂದೆ ನಿಂತು, ಶವಯಾತ್ರೆಗೆ ಬಂದವರಷ್ಟು ಗಂಭೀರವಾಗಿ ಎಣಿಸಿತು.

“ಮೇಡಂ, ಆ ಅರ್ಧ ನೊಣಾನೂ ಸೇರ್ಸಿ,” ಎಂದ ಸೀಫಿಸ್.

“ರೆಕ್ಕೆ ಇಲ್ಲದ್ದನ್ನ ಸೇರ್ಸಲ್ಲ.”

“ಬದುಕಿದ್ದಾಗ ಇತ್ತು ಮೇಡಂ!”

ಒಂಬತ್ತು ಬುಡ್ಡಿಗೆ ಅರವತ್ತೆಂಟು ನೊಣ.

“ಹತ್ತನೇದು ಎಲ್ಲಿ?”

ಮನೂಸೋಸ ತಲೆ ತಗ್ಗಿಸಿದ. “ಕಳೆದುಹೋಗಿದೆ ಮೇಡಂ.”

ಆಂಥಿ ಅವನ ಮುಖವನ್ನೂ ಅದರ ಮೇಲಿನ ಬೆವರನ್ನೂ ನೋಡಿದಳು. “ಹೋಗ್ಲಿ ಬಿಡಿ. ಬುಡ್ಡಿ ಇಲ್ಲದಿದ್ರೆ ಇದ್ದಷ್ಟರಿಂದಲೇ ಭಾಗಿಸ್ಬೇಕು ಅಂತ ನಿಯಮ. ಅರವತ್ತೆಂಟು, ಭಾಗ ಒಂಬತ್ತು. ಏಳೂವರೆ. ನಾಳೆ ಟ್ರ್ಯಾಕ್ಟರು ಬರುತ್ತೆ.”

ಪಾದ್ರಿಗಳು ಶಿಲುಬೆಯ ಗುರುತು ಮಾಡಿಕೊಂಡರು. ಮನೂಸೋಸನಿಗೆ ಅಳು ಬರುವುದೊಂದು ಬಾಕಿ. ಇಷ್ಟು ಉಪಕಾರ ಮಾಡಿದವಳನ್ನು ಬರಿಹೊಟ್ಟೆಯಲ್ಲಿ ಊರು ದಾಟಿಸಿದರೆ ಮೆರ್ತೀನಿಯಲ್ಲಿ ಅವನು ತಲೆಯೆತ್ತಿ ನಡೆಯುವ ಹಾಗಿರಲಿಲ್ಲ. ಸೀಫಿಸನ ಅಂಗಡಿಯ ಹುಡುಗಿಯ ಕೈಯಲ್ಲಿ ಅತ್ತೆಗೆ ಹೇಳಿಕಳಿಸಿದ. ಆಂಥಿ ಬೇಡವೆಂದಳು. ಎರಡನೆಯ ಸಲವೂ ಬೇಡವೆಂದಳು. ಮೂರನೆಯ ಸಲ ಮನೂಸೋಸ ಅವಳ ಜೀಪಿನ ಕೀಲಿಯನ್ನೇ ಕಿತ್ತುಕೊಂಡ.

ಅತ್ತೆ ಎರೋಫಿಲಿ ಅಂಗಳದ ಆಲಿವ್ ಮರದಡಿ ಮೇಜು ಹಾಕಿಸಿದ್ದಳು. ಬಸವನಹುಳುವಿನ ಪಲ್ಯ, ಚೀಸು, ಸಣ್ಣ ಲೋಟಗಳಲ್ಲಿ ರಾಕಿ ಸಾರಾಯಿ. ಆಂಥಿ ಒಂದು ಗುಟುಕು ಕುಡಿದು, ತೃಪ್ತಿಯಿಂದ ತಲೆಯೆತ್ತಿದಳು. ಎತ್ತಿದ ತಲೆ ಹಾಗೇ ನಿಂತಿತು.

ಮೇಜಿನ ನೆತ್ತಿಯ ಮೇಲೆ, ಕೊಂಬೆಯಲ್ಲಿ, ಗಾಜಿನ ಬುಡ್ಡಿಯೊಂದು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಒಳಗೆ ತಿಳಿನೀರು, ಒಂದು ಕಾಮಕಸ್ತೂರಿ ಕುಡಿ. ಬುಡದಲ್ಲಿ ಕೆಂಪು ಬಣ್ಣದಲ್ಲಿ ‘10’.

“ಅತ್ತೇ!” ಎಂದ ಮನೂಸೋಸ.

“ಏನು ಹಂಗೆ ನೋಡ್ತೀಯ? ನಾನೂ ಒಂದು ತಂದು ಎಲೆ ಮರೇಲಿ ಕಟ್ಟಿದ್ದೆ. ದೊಡ್ಡೋರು ಊಟಕ್ಕೆ ಬರ್ತಾರೆ ಅಂದ್ಯಲ್ಲ, ಸತ್ತ ನೊಣದ ಕೆಳಗೆ ಕೂರಿಸೋಕಾಗತ್ತಾ? ಸೋಪು ಹಾಕಿ ಉಜ್ಜಿ ತೊಳೆದೆ.”

“ಎಷ್ಟಿದ್ವಮ್ಮಾ ನೊಣ?” ಆಂಥಿ ಮೆಲ್ಲಗೆ ಕೇಳಿದಳು.

“ಎಣಿಸೋಕೆ ಸಂಬಳ ತಗೊಳೋನು ಇವನು, ನಾನಲ್ಲ. ಒಂದು ಹಿಡಿ ಇತ್ತಪ್ಪ. ಕೋಳಿಗೆ ಹಾಕ್ದೆ.”

ಆಂಥಿ ಲೋಟವನ್ನು ಕೆಳಗಿಟ್ಟಳು. ಚೀಲದಿಂದ ಎಣಿಕೆಯ ಪುಸ್ತಕ ತೆಗೆದಳು. “ಅನ್ನ ತಿಂದ ಮನೇಲಿ ಸುಳ್ಳು ಬರೆಯೋಕೆ ನನ್ನಿಂದ ಆಗಲ್ಲ, ಮನೂಸೋ. ಬುಡ್ಡಿ ಸಿಕ್ಕಿದೆ. ಸಿಕ್ಕಿದ ಮೇಲೆ ಎಣಿಸ್ಬೇಕು. ನೊಣ, ಸೊನ್ನೆ. ಅರವತ್ತೆಂಟು, ಭಾಗ ಹತ್ತು.”

ಆರು ದಶಾಂಶ ಎಂಟು ಎಂದು ಬರೆದು ಸಹಿ ಹಾಕಿದಳು. ಮನೂಸೋಸ ಕೀಲಿಯನ್ನು ಹಿಂದಿರುಗಿಸಿದ.

“ಇನ್ನೊಂಚೂರು ಚೀಸು ಹಾಕ್ಸಿಕೊಳ್ಳಿ,” ಎಂದಳು ಎರೋಫಿಲಿ.

ಮರುದಿನ ಬೆಳಗ್ಗೆ ಟ್ರ್ಯಾಕ್ಟರು ಪಕ್ಕದ ಊರಿಗೆ ಹೋಯಿತು. ಮೂರು ವಾರದ ಮೇಲೆ ಮೆರ್ತೀನಿಗೆ ಬರುವಾಗ ಮೊಟ್ಟೆಯೊಡೆದು ಬಂದ ಹುಳುಗಳು ಕಾಯಿ ತಿಂದು, ಬಲಿತು, ಮಣ್ಣಿಗಿಳಿದಿದ್ದವು. ಮನೂಸೋಸನ ಅರವತ್ತು ಮರಗಳಲ್ಲಿ ಆ ವರ್ಷ ಅರ್ಧ ಫಸಲು ನೆಲಕ್ಕುದುರಿತು. ಉಳಿದರ್ಧದ ಎಣ್ಣೆ ಹುಳಿ ಬಂದು ಅರ್ಧ ಬೆಲೆಗೆ ಹೋಯಿತು.